ಬೆಕ್ಕಿನ ಬಾಂಡ್ಲಿಗೆ ಗಾಣದ ಪುಡಿ, ಮಿಲ್ಲಿನ ಹೊಟ್ಟು

ಭತ್ತ ಬೆಳೆಯುವವನ ಮನೆಯಲ್ಲಿ ಬೆಕ್ಕು ಶೋಕಿಯ ಪ್ರಾಣಿಯಲ್ಲ, ಚೀಲ ಕಾಯುವ ಆಳು. ಇಲಿಪಾಷಾಣ ಇಟ್ಟರೆ ಇಲಿ ಎಲ್ಲೋ ಸಂದಿಯಲ್ಲಿ ಸತ್ತು ನಾರುತ್ತದೆ. ಅದನ್ನು ತಿಂದ ನಾಯಿ, ಗೂಬೆ, ಬೆಕ್ಕುಗಳಿಗೂ ಅಪಾಯ. ಬೋನಿಗೆ ಬೀಳುವುದು ವಾರಕ್ಕೊಂದು. ಬೆಕ್ಕಿದ್ದರೆ ಇಲಿ ಆ ಕಡೆ ಸುಳಿಯುವುದೇ ಕಡಿಮೆ.

ಆದರೆ ನಮ್ಮ ಚಿತ್ತವಾಡ್ಗಿಯಂಥ ಊರಲ್ಲಿ ಈಗ ಬೆಕ್ಕು ಸಾಕುವುದು ಮೊದಲಿನಷ್ಟು ಸುಲಭವಲ್ಲ. ಒಂದು ಕಡೆ ಕಾಲುವೆ, ಗದ್ದೆ, ಕಬ್ಬು, ಬಾಳೆ. ಇನ್ನೊಂದು ಕಡೆ ಹೊಸಪೇಟೆ ಬೆಳೆಯುತ್ತಾ ಬಂದು ಊರನ್ನೇ ನುಂಗಿದೆ. ಹಿತ್ತಲಿಗೆ ಸಿಮೆಂಟು ಬಿದ್ದಿದೆ, ರಸ್ತೆಯಲ್ಲಿ ಲಾರಿ, ರಾತ್ರಿ ನಾಯಿಗಳ ಹಿಂಡು. ಹಾಗಾಗಿ ಕತ್ತಲಾದ ಮೇಲೆ ಬೆಕ್ಕನ್ನು ಒಳಗೆ ಕೂಡುವವರೇ ಹೆಚ್ಚು. ಒಳಗೆ ಕೂಡಿದ ಬೆಕ್ಕು ಬೆಳಗಿನ ತನಕ ಎಲ್ಲಿ ಹೋಗಬೇಕು? ಮಣ್ಣು ಸಿಗದಿದ್ದರೆ ಭತ್ತದ ಚೀಲದ ಮೇಲೆ, ಇಲ್ಲವೇ ಮಕ್ಕಳ ಹಾಸಿಗೆ ಮೇಲೆ. ಆಮೇಲೆ ಬೈಸಿಕೊಳ್ಳುವುದೂ ಬೆಕ್ಕೇ.

ಪೇಟೆಯವರು ಇದಕ್ಕೆ ಒಂದು ತೊಟ್ಟಿಯಲ್ಲಿ 'ಕ್ಯಾಟ್ ಲಿಟರ್' ಹಾಕಿ ಇಡುತ್ತಾರೆ. ಬೆಂಗಳೂರಲ್ಲಿರುವ ನನ್ನ ತಂಗಿಯ ಮಗಳು ದುಡ್ಡು ಕೊಟ್ಟು ಚೀಲಗಟ್ಟಲೆ ತರುತ್ತಾಳೆ. ಒಳಗಿರುವುದು ಬೆಂಟೊನೈಟ್ ಎಂಬ ಜೇಡಿ. ನಮ್ಮ ದೇಶದಲ್ಲಿ ಇದು ಗುಜರಾತಿನ ಕಛ್ ಕಡೆ ನೆಲ ಅಗೆದು ತೆಗೆಯುವ ಮಣ್ಣು. ಅಷ್ಟು ದೂರದಿಂದ ಬಂದ ಮಣ್ಣು ಒಂದು ವಾರ ಬೆಕ್ಕಿನ ಉಚ್ಚೆ ಹೀರಿ ಕಸದ ಲಾರಿ ಹತ್ತುತ್ತದೆ. ಕೊಳೆಯುವುದಿಲ್ಲ, ಗೊಬ್ಬರವೂ ಆಗುವುದಿಲ್ಲ. ಗುಡ್ಡ ಅಗೆದು ಮಣ್ಣು ಮಾರಿದರೆ ಏನಾಗುತ್ತದೆ ಅಂತ ಸಂಡೂರಿನ ಪಕ್ಕದಲ್ಲಿರುವ ನಮಗೆ ಯಾರೂ ಹೇಳಿಕೊಡಬೇಕಿಲ್ಲ.

ಈ ಜೇಡಿಯ ರೂಢಿ ಹಳೆಯದೇನೂ ಅಲ್ಲ. 1947ರಲ್ಲಿ ಅಮೆರಿಕದ ಮಿಷಿಗನ್ ರಾಜ್ಯದಲ್ಲಿ ಎಡ್ವರ್ಡ್ ಲೋ ಎಂಬಾತ, ಬೆಕ್ಕಿಗೆ ಮರಳು ಕೇಳಲು ಬಂದ ನೆರೆಮನೆಯಾಕೆಗೆ ಎಣ್ಣೆ ಹೀರುವ ಒಣ ಜೇಡಿಯ ಹರಳು ಕೊಟ್ಟ. ಅಲ್ಲಿಂದ ಅದು ದೊಡ್ಡ ವ್ಯಾಪಾರವಾಯಿತು. ಒದ್ದೆಯಾದಲ್ಲಿ ಗಟ್ಟಿ ಉಂಡೆ ಕಟ್ಟುವ ಜೇಡಿ ಬಂದದ್ದು 1980ರ ದಶಕದಲ್ಲಿ. ಅದಕ್ಕೂ ಮೊದಲು ಎಲ್ಲ ಕಡೆ ಮರಳು, ಬೂದಿ, ಮಣ್ಣು ಅಷ್ಟೇ.

ಹೀರುವ ಕೆಲಸಕ್ಕೆ ಜೇಡಿಯೇ ಆಗಬೇಕೆಂದಿಲ್ಲ. ನಮ್ಮ ಗಾಣದಲ್ಲಿ, ಮಿಲ್ಲಿನಲ್ಲಿ ಬೀಳುವ ಕಸದಿಂದಲೂ ಆಗುತ್ತದೆ. ಆದರೆ ಕಸವನ್ನು ತಂದು ಹಾಗೇ ಸುರಿದರೆ ಆಗದು. ಯಾವ ವಸ್ತು ಯಾವ ಕೆಲಸ ಮಾಡುತ್ತದೆ ಅಂತ ತಿಳಿದು ಬೆರೆಸಬೇಕು. ನಾನು ಮಾಡುತ್ತಿರುವ ಕ್ರಮ ಇಲ್ಲಿದೆ.

ಮೂರು ಕೆಲಸ, ಮೂರು ವಸ್ತು

ಬೆಕ್ಕಿನ ಪುಡಿ ಮೂರು ಕೆಲಸ ಮಾಡಬೇಕು. ಒಂದು, ತೇವ ಹೀರಬೇಕು. ಎರಡು, ನಾತ ಹಿಡಿಯಬೇಕು. ಮೂರು, ಬೆಕ್ಕು ಕೆರೆದು ಮುಚ್ಚುವಷ್ಟು ಸಡಿಲವಾಗಿ, ಪಾದಕ್ಕೆ ಮೆತ್ತಗೆ ಇರಬೇಕು. ಮೂರನೆಯದು ಸರಿಯಿಲ್ಲದಿದ್ದರೆ ಮೊದಲಿನೆರಡು ಇದ್ದೂ ಪ್ರಯೋಜನವಿಲ್ಲ. ಬೆಕ್ಕು ಅದರಲ್ಲಿ ಕಾಲೇ ಇಡುವುದಿಲ್ಲ.

ಹೀರುವುದಕ್ಕೆ ಕಬ್ಬಿನ ಸಿಪ್ಪೆಯ ಪುಡಿ: ಕಬ್ಬಿನ ಸಿಪ್ಪೆಯಲ್ಲಿ ಎರಡು ಭಾಗ ಇವೆ. ಹೊರಗಿನ ಉದ್ದ ನಾರು, ಒಳಗಿನ ಮೆತ್ತನೆಯ ಬೆಂಡು. ನೀರು ಹೀರುವುದು ಬೆಂಡು. ಸಿಪ್ಪೆಯಿಂದ ಕಾಗದ ಮಾಡುವವರು ಇದೇ ಬೆಂಡನ್ನು ಬೇಡವೆಂದು ಬೇರ್ಪಡಿಸುತ್ತಾರೆ. ಅವರಿಗೆ ಬೇಡವಾದದ್ದು ನಮಗೆ ಬೇಕಾದದ್ದು. ಚಿತ್ತವಾಡ್ಗಿಯ ಸಕ್ಕರೆ ಕಾರ್ಖಾನೆ ನಿಂತು ವರ್ಷಗಳಾದವು. ಆದರೆ ಬೆಲ್ಲದ ಗಾಣಗಳಿವೆ. ಗಾಣದವರಿಗೆ ಉದ್ದ ಸಿಪ್ಪೆ ಒಲೆಗೆ ಬೇಕು, ಅದನ್ನು ಕೇಳಬೇಡಿ. ಕಬ್ಬು ಅರೆಯುವ ಯಂತ್ರದ ಕೆಳಗೆ, ಸಿಪ್ಪೆ ಒಣಗಿಸುವ ಕಣದಲ್ಲಿ ಉದುರಿದ ಪುಡಿ ಇರುತ್ತದಲ್ಲ, ಅದನ್ನು ಗುಡಿಸಿ ತನ್ನಿ. ಗುರುತಿದ್ದವರು ಒಂದೆರಡು ಚೀಲಕ್ಕೆ ದುಡ್ಡು ಕೇಳುವುದಿಲ್ಲ.

ಸಡಿಲಕ್ಕೆ ಭತ್ತದ ಹೊಟ್ಟು: ಕಂಪ್ಲಿ, ಗಂಗಾವತಿ ಕಡೆಯ ಮಿಲ್ಲುಗಳಲ್ಲಿ ಹೊಟ್ಟಿನ ಗುಡ್ಡವೇ ಇರುತ್ತದೆ. ಭತ್ತದ ತೂಕದಲ್ಲಿ ಸುಮಾರು ಐದನೇ ಒಂದು ಭಾಗ ಹೊಟ್ಟು. ಈಗ ಇಟ್ಟಿಗೆ ಭಟ್ಟಿಗೆ, ಬಾಯ್ಲರಿಗೆ ಹೋಗುವುದರಿಂದ ಪುಕ್ಕಟೆ ಸಿಗದು, ಆದರೂ ದುಬಾರಿಯಲ್ಲ. ಹೊಟ್ಟನ್ನು ಇದ್ದ ಹಾಗೇ ಹಾಕಿದರೆ ನೀರು ಹೀರುವುದಿಲ್ಲ. ನಂಬದಿದ್ದರೆ ಒಂದು ಲೋಟದ ತಳಕ್ಕೆ ತೂತು ಮಾಡಿ ಹೊಟ್ಟು ತುಂಬಿ ನೀರು ಹೊಯ್ದು ನೋಡಿ. ಹೊಯ್ದ ನೀರು ಬಹುಪಾಲು ಕೆಳಗೇ ಬರುತ್ತದೆ. ಹೊಟ್ಟಿನ ಹೊರಮೈಗೆ ಮರಳಿನ ಜಾತಿಯದೇ ಆದ ಸಿಲಿಕಾ ಮತ್ತು ಮೇಣದ ಪದರ ಇದೆ. ಮಳೆಗೆ ಕಾಳು ಕೊಳೆಯದಿರಲೆಂದು ಪ್ರಕೃತಿ ತೊಡಿಸಿದ ರೇನ್‌ಕೋಟು ಅದು. ಒನಕೆಯಲ್ಲಿ ಕುಟ್ಟಿ ಒಡೆದರೆ ಒಳಮೈ ತೆರೆದುಕೊಂಡು ಸ್ವಲ್ಪ ಹೀರುತ್ತದೆ. ದನದ ಹಿಂಡಿ ಒಡೆಯುವ ಹ್ಯಾಮರ್ ಮಿಲ್ಲಿದ್ದರೆ ಇನ್ನೂ ಸುಲಭ. ಹಿಟ್ಟಿನ ಗಿರಣಿಗೆ ಮಾತ್ರ ಒಯ್ಯಬೇಡಿ, ಸಿಲಿಕಾ ಅವರ ಕಲ್ಲನ್ನೇ ಸವೆಸುತ್ತದೆ. ಹಳೇ ಹಲ್ಲರ್ ಮಿಲ್ಲಿನ ಹೊಟ್ಟಿನಲ್ಲಿ ತೌಡು ಬೆರೆತಿರುತ್ತದೆ, ಅದಕ್ಕೆ ಹುಳ, ಇರುವೆ, ಇಲಿ ಬರುತ್ತವೆ. ಇಲಿ ಹಿಡಿಯುವವನ ಕಕ್ಕಸಿಗೇ ಇಲಿ ಕರೆದಂತಾಗುತ್ತದೆ! ಹೊಸ ಮಿಲ್ಲಿನ ತೌಡಿಲ್ಲದ ಹೊಟ್ಟೇ ಆಗಬೇಕು.

ನಾತಕ್ಕೆ ಕರಿ ಹೊಟ್ಟು: ಇಲ್ಲಿ ನಮ್ಮ ಹಳೆಯ ರೂಢಿಯೊಂದನ್ನು ಬಿಡಬೇಕು. ಬೆಕ್ಕಿನ ಗಲೀಜಿನ ಮೇಲೆ ಒಲೆಯ ಬೂದಿ ಹಾಕುವುದು ಎಲ್ಲರ ಮನೆಯ ಪದ್ಧತಿ. ಮಲಕ್ಕೆ ಅದು ಸರಿ, ಒಣಗಿಸಿ ನೊಣ ತಡೆಯುತ್ತದೆ. ಉಚ್ಚೆಗೆ ಮಾತ್ರ ಬೂದಿ ಉಲ್ಟಾ ಕೆಲಸ ಮಾಡುತ್ತದೆ. ಉಚ್ಚೆಯಲ್ಲಿ ಯೂರಿಯಾ ಇದೆ, ನಾವು ಗದ್ದೆಗೆ ಎರಚುವ ಯೂರಿಯಾವೇ. ಸೂಕ್ಷ್ಮಜೀವಿಗಳು ಅದನ್ನು ಒಡೆದು ಅಮೋನಿಯಾ ಮಾಡುತ್ತವೆ. ಮೂಗಿಗೆ ಚುರುಗುಟ್ಟುವ ನಾತ ಅದರದು. ಬೂದಿ ಕ್ಷಾರ. ಕ್ಷಾರ ಸೇರಿದಷ್ಟೂ ಅಮೋನಿಯಾ ಗಾಳಿಗೆ ಹಾರುವುದು ಹೆಚ್ಚು. ಯೂರಿಯಾ ಜೊತೆ ಸುಣ್ಣ ಬೆರೆಸಬೇಡಿ ಅಂತ ಕೃಷಿ ಇಲಾಖೆಯವರು ಹೇಳುವುದೂ ಇದೇ ಕಾರಣಕ್ಕೆ. ಹಾಗಾಗಿ ಬೂದಿ ಬೇಡ, ಸುಣ್ಣ ಬೇಡ. ಬೇಕಾದದ್ದು ಇದ್ದಿಲು. ಇದ್ದಿಲಿನ ಮೈತುಂಬ ಕಣ್ಣಿಗೆ ಕಾಣದ ತೂತುಗಳಿವೆ, ನಾತವನ್ನು ಅಲ್ಲಿ ಹಿಡಿದಿಡುತ್ತದೆ.

ಕರಿ ಹೊಟ್ಟು ಸುಡುವ ಬಗೆ

ಒಂದು ಹಳೇ ಎಣ್ಣೆ ಡಬ್ಬಿಯ ಸುತ್ತ ಮೊಳೆಯಿಂದ ತೂತು ಹೊಡೆಯಿರಿ. ಮೇಲೆ ಹೊಗೆ ಹೋಗಲು ಒಂದು ತಗಡಿನ ಕೊಳವೆ ನಿಲ್ಲಿಸಿ. ಬಯಲಲ್ಲಿ ನಾಲ್ಕು ಪುಳ್ಳೆ ಹೊತ್ತಿಸಿ ಡಬ್ಬಿಯನ್ನು ಅದರ ಮೇಲೆ ಬೋರಲು ಹಾಕಿ, ಸುತ್ತಲೂ ಹೊಟ್ಟು ರಾಶಿ ಮಾಡಿ. ಬೆಂಕಿ ಉರಿಯಾಗದೆ ಒಳಗಿಂದ ಹೊರಕ್ಕೆ ಕರ್ರಗೆ ಸಾಗುತ್ತದೆ. ಹೊರಗಿನ ಹೊಟ್ಟನ್ನು ಆಗಾಗ ಒಳಕ್ಕೆ ಎಳೆಯಿರಿ. ಎಲ್ಲ ಕಪ್ಪಾದ ಕೂಡಲೇ ನೀರು ಹೊಡೆದು ಆರಿಸಿ. ತಡ ಮಾಡಿದರೆ ಬೆಳ್ಳಗಿನ ಬೂದಿ. ಆ ಬೂದಿಯ ದೂಳು ಎದೆಗೂ ಒಳ್ಳೆಯದಲ್ಲ.

ಆರಿದ ಕರಿ ಹೊಟ್ಟನ್ನು ಒಂದು ಸಲ ನೀರಲ್ಲಿ ಜಾಲಿಸಿ ಒಣಗಿಸಿ. ಅಂಟಿದ ಬೂದಿಯ ಕ್ಷಾರ ಬಹಳಷ್ಟು ಹೋಗುತ್ತದೆ. ರವದಿ ಒಣಗಿ ನಿಂತ ಕಬ್ಬಿನ ಗದ್ದೆಯ ಹತ್ತಿರ ಈ ಕೆಲಸ ಬೇಡ, ಗಾಳಿಯ ದಿನವೂ ಬೇಡ. ನೀರಿನ ಕೊಡ ಪಕ್ಕದಲ್ಲಿರಲಿ.

ಸಿಪ್ಪೆ ಪುಡಿ ತೊಳೆಯಲೇಬೇಕು

ಬೆಲ್ಲದ ಗಾಣದಲ್ಲಿ ರಸ ಪೂರ್ತಿ ಬರುವುದಿಲ್ಲ, ಸಿಪ್ಪೆಯಲ್ಲಿ ಸಿಹಿ ಉಳಿದಿರುತ್ತದೆ. ತೊಳೆಯದೆ ಬಳಸಿದರೆ ಇರುವೆ, ನೊಣ, ಆಮೇಲೆ ಹುಳಿ ನಾತ, ಬೂಷ್ಟು. ಪುಡಿಯನ್ನು ಡ್ರಮ್ಮಿನಲ್ಲಿ ನೀರು ಹಾಕಿ ಒಂದು ತಾಸು ನೆನೆಸಿ, ತೆಳು ಗೋಣಿಯಲ್ಲಿ ಕಟ್ಟಿ ಹಿಂಡಿ. ಇನ್ನೊಂದು ಸಲ ಹಾಗೇ ಮಾಡಿ. ತೊಳೆದ ನೀರನ್ನು ತಿಪ್ಪೆಗೆ ಹಾಕಿ.

ತೊಳೆದದ್ದನ್ನು ಅದೇ ದಿನ ತೆಳ್ಳಗೆ ಹರವಿ, ದಿನಕ್ಕೆ ನಾಲ್ಕು ಸಲ ಕೈಯಾಡಿಸಿ ಒಣಗಿಸಿ. ರಾಶಿ ಹಾಕಿ ಬಿಡಬೇಡಿ. ಬೂಷ್ಟು ಹಿಡಿದ ಕಬ್ಬಿನ ಸಿಪ್ಪೆಯ ದೂಳಿನಿಂದ ಬರುವ ಎದೆರೋಗಕ್ಕೆ ವೈದ್ಯರು ಬಗಾಸೋಸಿಸ್ ಎಂದು ಹೆಸರನ್ನೇ ಇಟ್ಟಿದ್ದಾರೆ. ಸಿಪ್ಪೆ ಕಾಗದದ ಕಾರ್ಖಾನೆಗಳ ಕೆಲಸಗಾರರು ಅದರಿಂದ ನರಳಿದ್ದಾರೆ. ಬೂದುಬಣ್ಣ ತಿರುಗಿದ್ದು, ಮುಗ್ಗಲು ವಾಸನೆ ಬಂದದ್ದು ಕಂಡರೆ ತಿಪ್ಪೆಗೆ ಹಾಕಿ. ಜರಡಿ ಹಿಡಿಯುವಾಗ ಮೂಗಿಗೆ ಒದ್ದೆ ಬಟ್ಟೆ ಕಟ್ಟಿಕೊಳ್ಳಿ.

ಹದವೇನು? ಹಿಡಿಯಲ್ಲಿ ಹಿಂಡಿ ಬಿಟ್ಟರೆ ಪುರಪುರ ಉದುರಬೇಕು, ಅಂಗೈ ತಣ್ಣಗಾಗಬಾರದು. ನಮ್ಮ ಕಡೆ ಶಿವರಾತ್ರಿಯಿಂದ ಯುಗಾದಿ ತನಕ ಇದಕ್ಕೆ ಒಳ್ಳೆಯ ಕಾಲ. ಗಾಣ ನಡೆಯುತ್ತಿರುತ್ತದೆ, ಬಿಸಿಲೂ ಬಲಿತಿರುತ್ತದೆ. ಮಳೆಗಾಲಕ್ಕೆ ಬೇಕಾದದ್ದನ್ನು ಆಗಲೇ ಮಾಡಿ ಮುಚ್ಚಳದ ಡ್ರಮ್ಮಿನಲ್ಲಿ ತುಂಬಿಡುತ್ತೇನೆ.

ಬೆರಕೆ: ಎರಡು ವಿಧ

ಅಳತೆಗೆ ಎಲ್ಲಕ್ಕೂ ಒಂದೇ ಡಬ್ಬಿ ಹಿಡಿಯಿರಿ.

ಮೊದಲನೆಯದು ಪುಡಿ. ಒಣಗಿದ ಸಿಪ್ಪೆ ಪುಡಿ 6 ಡಬ್ಬಿ, ಕುಟ್ಟಿದ ಹೊಟ್ಟು 3 ಡಬ್ಬಿ, ಕರಿ ಹೊಟ್ಟು 1 ಡಬ್ಬಿ. ಇವನ್ನು ಬೆರೆಸಿ ರವೆ ಜರಡಿಯಲ್ಲಿ ಆಡಿಸಿ. ಕೆಳಗೆ ಬಿದ್ದ ಸಣ್ಣ ದೂಳನ್ನು ಬಿಡಿ, ಮೇಲೆ ಉಳಿದದ್ದನ್ನು ಬಳಸಿ. ಬೆಕ್ಕಿನ ಮೂಗು ನೆಲದ ಹತ್ತಿರವೇ ಇರುತ್ತದೆ, ಕೆರೆದಾಗ ಎದ್ದ ದೂಳೆಲ್ಲ ಅದರ ಎದೆಗೇ ಹೋಗುತ್ತದೆ. ಒದ್ದೆಯಾದಲ್ಲಿ ಉಂಡೆ ಕಟ್ಟಬೇಕೆಂದರೆ ಬಲಿತು ಒಣಗಿದ ಗೋರಿಕಾಯಿ ಬೀಜವನ್ನು ನುಣ್ಣಗೆ ಬೀಸಿ ಅರ್ಧದಿಂದ ಒಂದು ಡಬ್ಬಿ ಒಣದಾಗಿಯೇ ಬೆರೆಸಿ. ಗೋರಿಬೀಜದ ಅಂಟು ತಣ್ಣೀರಿಗೂ ಉಬ್ಬಿ ಲೋಳೆಯಾಗುತ್ತದೆ. ಕಾರ್ಖಾನೆಯವರು ಗಿಡಮೂಲದ ಲಿಟರಿಗೆ ಸೇರಿಸುವ ಗೌರ್ ಗಮ್ ಇದೇ ಬೀಜದ್ದು. ಮನೆಯಲ್ಲಿ ಬೀಸಿದ್ದರಲ್ಲಿ ಬೇಳೆ, ಸಿಪ್ಪೆ ಎಲ್ಲ ಸೇರುವುದರಿಂದ ಅಷ್ಟು ಗಟ್ಟಿ ಉಂಡೆ ಬರದು, ಆದರೆ ಸೌಟಿನಲ್ಲಿ ಎತ್ತುವಷ್ಟು ಕೂಡಿಕೊಳ್ಳುತ್ತದೆ.

ಎರಡನೆಯದು ಕಾಳು. ಪಾದಕ್ಕಂಟಿ ಮನೆತುಂಬ ಪುಡಿ ಹರಡುತ್ತದೆ ಎನ್ನುವವರಿಗೆ ಇದು. ಮೇಲಿನ ಬೆರಕೆಗೆ ಗೋರಿಹಿಟ್ಟಿನ ಬದಲು ನುಚ್ಚಕ್ಕಿ ಹಿಟ್ಟಿನ ತೆಳು ಗಂಜಿ (ಉಪ್ಪು ಹಾಕದ್ದು) ಸ್ವಲ್ಪ ಸ್ವಲ್ಪ ಹಾಕಿ ಕಲಸಿ. ಮುಷ್ಟಿಯಲ್ಲಿ ಹಿಂಡಿದರೆ ನಿಲ್ಲಬೇಕು, ನೀರು ಜಿನುಗಬಾರದು. ದೊಡ್ಡ ಕಣ್ಣಿನ ಜರಡಿಗೆ ಉಜ್ಜಿ ಕಾಳುಕಾಳಾಗಿ ಉದುರಿಸಿ, ಎರಡು ಮೂರು ಬಿಸಿಲು ಕಾಯಿಸಿ. ಒದ್ದೆಯಾದ ಕಾಳು ಮೆತ್ತಗಾಗಿ ಪುಡಿಯಾಗುತ್ತದೆ. ದಿನಕ್ಕೊಮ್ಮೆ ಜರಡಿ ಹಿಡಿದರೆ ಕೆಟ್ಟದ್ದು ಕೆಳಗೆ, ಒಳ್ಳೆಯದು ಮೇಲೆ. ಕೆಲಸ ಜಾಸ್ತಿ, ಖರ್ಚಾಗುವುದು ಕಡಿಮೆ.

ಮರಿಗಳಿರುವ ಮನೆಯಲ್ಲಿ ಗೋರಿಹಿಟ್ಟು ಬೇಡ. ಸಣ್ಣ ಮರಿ ಏನು ಸಿಕ್ಕರೂ ಬಾಯಿಗೆ ಹಾಕುತ್ತದೆ, ಉಬ್ಬುವ ಅಂಟು ಹೊಟ್ಟೆಯಲ್ಲಿ ಉಬ್ಬಬಾರದು. ನಾಲ್ಕು ತಿಂಗಳು ದಾಟಲಿ.

ಬೆಕ್ಕಿಗೆ ರೂಢಿ ಮಾಡಿಸುವುದು

ಗಾರೆ ಕೆಲಸದ ಹಳೇ ಬಾಂಡ್ಲಿ ಇಲ್ಲವೇ ಪ್ಲಾಸ್ಟಿಕ್ ಬುಟ್ಟಿ ಸಾಕು. ಬೆಕ್ಕು ಒಳಗೆ ಸರಾಗವಾಗಿ ತಿರುಗುವಷ್ಟು ಅಗಲ ಇರಲಿ. ಎರಡು ಅಂಗುಲ ಪುಡಿ ಹಾಕಿ. ಜನ ಓಡಾಡದ ಮೂಲೆಯಲ್ಲಿ, ಅದರ ಹಾಲಿನ ಬಟ್ಟಲಿನಿಂದ ದೂರ ಇಡಿ. ಉಣ್ಣುವಲ್ಲಿ ಹೇಲುವ ಪ್ರಾಣಿಯಲ್ಲ ಅದು. ಎರಡು ಬೆಕ್ಕಿದ್ದರೆ ಒಂದೇ ಬಾಂಡ್ಲಿಗೆ ಜಗಳ, ಬೆಕ್ಕಿಗಿಂತ ಒಂದು ಹೆಚ್ಚೇ ಇಡಿ.

ಈವರೆಗೆ ಮಣ್ಣಿಗೋ ಮರಳಿಗೋ ಹೋಗುತ್ತಿದ್ದ ಬೆಕ್ಕಾದರೆ ಮೊದಲ ದಿನ ಅದೇ ಮಣ್ಣನ್ನು ಮುಕ್ಕಾಲು ತುಂಬಿ, ಪುಡಿ ಕಾಲು ಭಾಗ. ಒಂದು ವಾರದಲ್ಲಿ ಮೆಲ್ಲಗೆ ಅದಲು ಬದಲು ಮಾಡಿ. ವಾಸನೆ ಚೆನ್ನಾಗಿರಲೆಂದು ಕರ್ಪೂರ, ನೀಲಗಿರಿ ಎಣ್ಣೆ, ಅಗರಬತ್ತಿ ಪುಡಿ ಏನನ್ನೂ ಸೇರಿಸಬೇಡಿ.

ಬಾಂಡ್ಲಿ ತೊಳೆಯಲು ಫಿನಾಯಿಲ್ ಖಂಡಿತ ಬೇಡ. ನೀರಿಗೆ ಬಿದ್ದ ಕೂಡಲೇ ಹಾಲಿನಂತಾಗುವ ಸೋಂಕುನಾಶಕಗಳೂ ಬೇಡ. ಅವುಗಳಲ್ಲಿರುವ ಫೀನಾಲ್ ಜಾತಿಯ ವಸ್ತುವನ್ನು ಕರಗಿಸಿ ಹೊರಹಾಕುವ ಶಕ್ತಿ ನಾಯಿಗೆ, ಮನುಷ್ಯನಿಗೆ ಇದ್ದಷ್ಟು ಬೆಕ್ಕಿನ ಪಿತ್ತಜನಕಾಂಗಕ್ಕೆ, ಅಂದರೆ ಲಿವರಿಗೆ, ಇಲ್ಲ. ಪಾದಕ್ಕಂಟಿದ್ದನ್ನು ಬೆಕ್ಕು ನೆಕ್ಕಿಯೇ ನೆಕ್ಕುತ್ತದೆ. ಬ್ಲೀಚಿಂಗ್ ಪುಡಿ ಉಚ್ಚೆಯ ಅಮೋನಿಯಾಕ್ಕೆ ಸೇರಿದರೆ ಉಸಿರು ಕಟ್ಟುವ ವಿಷಗಾಳಿ ಏಳುತ್ತದೆ. ಸೋಪಿನ ನೀರು, ಆಮೇಲೆ ಒಂದು ದಿನ ಬಿಸಿಲು, ಇಷ್ಟು ಸಾಕು. ವಾರಕ್ಕೊಮ್ಮೆ ಪೂರ್ತಿ ಬದಲಿಸಿ.

ಬಾಂಡ್ಲಿಯಿಂದ ಇನ್ನೊಂದು ಲಾಭ ಇದೆ. ಬೆಕ್ಕಿನ ಆರೋಗ್ಯ ಕಣ್ಣೆದುರೇ ಇರುತ್ತದೆ. ಗಂಡು ಬೆಕ್ಕು ಪದೇ ಪದೇ ಬಾಂಡ್ಲಿಗೆ ಹೋಗಿ ತಿಣುಕಿ, ಉಚ್ಚೆ ಬಾರದೆ ಎದ್ದು ಬರುತ್ತಿದ್ದರೆ ಮೂತ್ರನಾಳ ಕಟ್ಟಿರಬಹುದು. ನಾಳೆ ನೋಡೋಣ ಅನ್ನಬೇಡಿ, ಅಂದೇ ಪಶುವೈದ್ಯರಲ್ಲಿಗೆ ಒಯ್ಯಿರಿ. ಒಂದೆರಡು ದಿನದಲ್ಲೇ ಜೀವಕ್ಕೆ ಸಂಚಕಾರ. ಕರಿ ಹೊಟ್ಟು ಹೆಚ್ಚು ಹಾಕಬೇಡಿ ಎನ್ನುವುದೂ ಇದಕ್ಕೇ. ಎಲ್ಲ ಕಪ್ಪಾದರೆ ಉಚ್ಚೆಯಲ್ಲಿ ರಕ್ತ ಬಂದದ್ದು ಕಾಣುವುದಿಲ್ಲ.

ಬಸುರಿ ಇರುವ ಮನೆಯಲ್ಲಿ

ನಮ್ಮ ಸೊಸೆ ಬಸುರಿಯಾದಾಗ ಮನೆಯ ದೊಡ್ಡವರು ಮೊದಲು ಹೇಳಿದ್ದು, "ಆ ಬೆಕ್ಕು ಚೀಲಕ್ಕ ಹಾಕಿ ಹೊಳಿ ಆಚಿಗಿ ಬಿಟ್ಟು ಬಾ" ಅಂತ. ಅನೇಕ ಮನೆಗಳಲ್ಲಿ ಬೆಕ್ಕಿಗೆ ಗಡೀಪಾರು ಆಗುವುದು ಇದೇ ಹೊತ್ತಿಗೆ. ಭಯಕ್ಕೆ ಕಾರಣ ಇಲ್ಲದಿಲ್ಲ. ಟಾಕ್ಸೊಪ್ಲಾಸ್ಮಾ ಎಂಬ ಸೂಕ್ಷ್ಮಜೀವಿ ಬೆಕ್ಕಿನ ಕರುಳಲ್ಲಿ ಮೊಟ್ಟೆಯಂಥ ಕೋಶ ಕಟ್ಟಿ ಮಲದಲ್ಲಿ ಹೊರಬರುತ್ತದೆ. ಗರ್ಭಿಣಿಗೆ ಅದು ಮೊದಲ ಸಲ ತಗಲಿದರೆ ಹೊಟ್ಟೆಯಲ್ಲಿರುವ ಮಗುವಿನ ಕಣ್ಣಿಗೆ, ಮಿದುಳಿಗೆ ಹಾನಿಯಾಗಬಹುದು, ಗರ್ಭ ಇಳಿಯಲೂಬಹುದು. ಈ ಜೀವಿಯನ್ನು 1908ರಲ್ಲೇ ಕಂಡುಹಿಡಿದಿದ್ದರೂ ಬೆಕ್ಕಿನ ಪಾತ್ರ ಖಚಿತವಾದದ್ದು 1970ರ ಹೊತ್ತಿಗೆ.

ಹಾಗಂತ ಬೆಕ್ಕನ್ನು ಓಡಿಸಬೇಕಿಲ್ಲ. ಕಾರಣ ಎರಡು. ಸಾಮಾನ್ಯವಾಗಿ ಬೆಕ್ಕು ಈ ಕೋಶಗಳನ್ನು ಹೊರಹಾಕುವುದು ಮೊದಲ ಸಲ ಸೋಂಕು ತಗಲಿದಾಗ, ಅದೂ ಒಂದರಿಂದ ಮೂರು ವಾರ ಮಾತ್ರ. ಮತ್ತೆ, ಹೊಸದಾಗಿ ಬಿದ್ದ ಮಲದಿಂದ ರೋಗ ಅಂಟುವುದಿಲ್ಲ. ಕೋಶಗಳು ಹೊರಗೆ ಗಾಳಿಯಲ್ಲಿ ಬಲಿಯಲು ಒಂದರಿಂದ ಐದು ದಿನ ಬೇಕು. ಅಂದರೆ ದಿನಕ್ಕೆ ಎರಡು ಸಲ ಬಾಂಡ್ಲಿ ಎತ್ತಿದರೆ ಅದು ಬಲಿಯುವ ಮೊದಲೇ ಮನೆಯಿಂದ ಹೊರಗೆ. ಬೆಕ್ಕು ಕಂಡಕಂಡಲ್ಲಿ ಹೋಗುವ ಮನೆಗಿಂತ ಬಾಂಡ್ಲಿ ಇರುವ ಮನೆಯೇ ಸುರಕ್ಷಿತ, ಎತ್ತುವವರು ಇದ್ದರೆ.

ಎತ್ತುವವರು ಬಸುರಿ ಆಗಿರಬಾರದು. ನಮ್ಮ ಮನೆಯಲ್ಲಿ ಆ ಒಂಬತ್ತು ತಿಂಗಳು ಅದು ಗಂಡಸರ ಕೆಲಸವಾಯಿತು. ಬೇರೆ ದಾರಿಯೇ ಇಲ್ಲದಿದ್ದರೆ ಕೈಗವಸು ಹಾಕಿ, ಆಮೇಲೆ ಸೋಪಿನಿಂದ ಕೈ ತೊಳೆಯಬೇಕು. ಈ ರೋಗ ಅರೆಬೆಂದ ಮಾಂಸದಿಂದ, ತೊಳೆಯದ ಸೊಪ್ಪಿನಿಂದ, ಮಣ್ಣು ಕೈಯಿಂದಲೂ ಬರುತ್ತದೆ. ಬೆಕ್ಕನ್ನು ಹೊಳೆ ದಾಟಿಸಿ ತೊಳೆಯದ ಕೊತ್ತಂಬರಿ ತಿಂದರೆ ಏನು ಬಂತು? ಅನುಮಾನ ಇದ್ದವರು ವೈದ್ಯರನ್ನು ಕೇಳಿ ರಕ್ತ ಪರೀಕ್ಷೆ ಮಾಡಿಸಿಕೊಳ್ಳಬಹುದು.

ಬಳಸಿದ್ದನ್ನು ಎಲ್ಲಿ ಹಾಕಬೇಕು?

ಗಿಡದ ಕಸ, ಯೂರಿಯಾ, ಇದ್ದಿಲು ಸೇರಿದ ಮೇಲೆ ಒಳ್ಳೆಯ ಗೊಬ್ಬರವೇ ಅಲ್ಲವೇ ಅಂತ ಕೃಷಿಕರ ಕೈ ತುರಿಸುತ್ತದೆ. ಹೌದು, ಆದರೆ ಬದನೆ, ಉಳ್ಳಾಗಡ್ಡಿ, ಸೊಪ್ಪಿನ ಮಡಿಗೆ ಬೇಡ. ಮೇಲೆ ಹೇಳಿದ ಕೋಶಗಳು ತೇವದ ಮಣ್ಣಲ್ಲಿ ವರ್ಷಕ್ಕೂ ಮೀರಿ ಬದುಕುತ್ತವೆ. ಮನೆಯ ತಿಪ್ಪೆ ಎಲ್ಲ ಕಡೆ ಒಂದೇ ಸಮ ಕಾಯುವುದಿಲ್ಲ, ಅದನ್ನು ನಂಬಿ ಕೂರಬೇಡಿ. ಎರಡು ಅಡಿ ಆಳದ ಗುಂಡಿ ತೋಡಿ, ದಿನದ್ದನ್ನು ಹಾಕಿ, ಮೇಲೆ ಮಣ್ಣು ಮುಚ್ಚಿ. ತುಂಬಿದ ಗುಂಡಿಯ ಮೇಲೆ ತೇಗವೋ ಬೇವೋ ನೆಡಿ, ಮತ್ತೆ ಅಗೆಯಬೇಡಿ. ಬಾವಿ, ಬೋರಿನಿಂದ ದೂರವಿರಲಿ.

ಕಾಲುವೆಗೆ ಮಾತ್ರ ಸುರಿಯಬೇಡಿ. ವಿಜಯನಗರದ ಅರಸರ ಕಾಲದಿಂದ ಹರಿಯುತ್ತಿರುವ ಬಸವಣ್ಣ ಕಾಲುವೆ, ರಾಯ ಕಾಲುವೆಗಳ ನೀರು ನಮ್ಮಲ್ಲಿಗೇ ನಿಲ್ಲುವುದಿಲ್ಲ. ನಾವು ಚೆಲ್ಲಿದ್ದು ಮುಂದಿನವರ ಗದ್ದೆಗೆ, ದನದ ಬಾಯಿಗೆ, ಬಟ್ಟೆ ಒಗೆಯುವವರ ಕೈಗೆ. ಪಟ್ಟಣದವರು ಕಕ್ಕಸಿಗೂ ಸುರಿಯಬಾರದು. ಹೊಟ್ಟು, ಗೋರಿಅಂಟು ಎರಡೂ ಪೈಪು ಕಟ್ಟುತ್ತವೆ. ಕಾಗದದಲ್ಲಿ ಸುತ್ತಿ ಕಸದ ಗಾಡಿಗೆ ಕೊಡಿ.

ಬೇರೆ ಊರಿನವರಿಗೆ

ಗಾಣವಿಲ್ಲದ ಕಡೆ ಬೇರೆ ಕಸ ಇದ್ದೇ ಇರುತ್ತದೆ. ತೆಂಗಿನ ಸೀಮೆಯವರಿಗೆ ನಾರಿನ ಪುಡಿ. ತನ್ನ ತೂಕದ ಹಲವು ಪಟ್ಟು ನೀರು ಹಿಡಿಯುತ್ತದೆ, ಕಾಲಿಗಂಟುವುದೊಂದೇ ಕಿರಿಕಿರಿ. ದಾವಣಗೆರೆ, ಹಾವೇರಿ ಕಡೆ ಮೆಕ್ಕೆಜೋಳದ ದಿಂಡನ್ನು ಒಡೆದು ಬಳಸಬಹುದು. ಶೇಂಗಾ ಸಿಪ್ಪೆ ಕುಟ್ಟಿದರೆ ಆಗುತ್ತದೆ, ಬೂಷ್ಟಿರಬಾರದು. ಮರದ ಹೊಟ್ಟಾದರೆ ಬಣ್ಣ, ಪ್ಲೈವುಡ್ಡಿನದು ಬೇಡ. ಕರಾವಳಿಯವರು ಗೇರುಬೀಜದ ಸಿಪ್ಪೆಯ ಹತ್ತಿರ ಹೋಗಬಾರದು, ಅದರ ಸೊನೆ ಚರ್ಮ ಸುಡುತ್ತದೆ. ಒಣಗಿದ ಪಾರ್ಥೇನಿಯಂ ಅಂತೂ ಬೇಡವೇ ಬೇಡ. ಯಾವುದನ್ನೇ ಹಿಡಿದರೂ ತೂತಿನ ಲೋಟದ ಪರೀಕ್ಷೆ ಮೊದಲು ಮಾಡಿ. ನೀರು ಕೆಳಗೆ ಬಂದರೆ ಆ ವಸ್ತು ಸಡಿಲಕ್ಕೆ ಮಾತ್ರ, ಹೀರುವುದಕ್ಕೆ ಬೇರೊಂದು ಹುಡುಕಿ.

ಮಾರಾಟಕ್ಕೆ ಆಗುತ್ತದೆಯೇ ಅಂತ ಕೇಳುವವರಿದ್ದಾರೆ. ಪೇಟೆಯಲ್ಲಿ ಜೋಳದ್ದು, ಮರದ ಪುಡಿಯದ್ದು, ಸೋಯಾ ಹಿಂಡಿಯದ್ದು ಎಂದು ಗಿಡಮೂಲದ ಲಿಟರ್ ಬಂದಿವೆ, ಕೊಳ್ಳುವವರೂ ಇದ್ದಾರೆ. ಆದರೆ ಪ್ರತಿ ಚೀಲವೂ ಒಂದೇ ಹದಕ್ಕೆ ಒಣಗಿರಬೇಕು, ದೂಳಿರಬಾರದು. ಒಂದು ಚೀಲ ಬೂಷ್ಟು ಹಿಡಿದರೆ ಹೆಸರು ಹೋಯಿತು. ನಾಲ್ಕು ಮನೆಯವರು ಸೇರಿ ಮೊದಲು ತಮ್ಮ ಬೆಕ್ಕುಗಳಿಗೆ ಒಂದು ಮಳೆಗಾಲ ಪೂರ್ತಿ ಬಳಸಿ ನೋಡಲಿ. ಮಳೆಗಾಲದಲ್ಲಿ ಪಾಸಾದರೆ ಆಮೇಲೆ ಪೇಟೆಯ ಮಾತು.

ಅಡಿಕೆ ಸಿಪ್ಪೆಯನ್ನೋ ಬಾಳೆ ದಿಂಡಿನ ನಾರನ್ನೋ ಯಾರಾದರೂ ಹೀಗೆ ಬಳಸಿದ್ದರೆ ಪತ್ರಿಕೆಗೆ ನಾಲ್ಕು ಸಾಲು ಬರೆಯಿರಿ. ಎಷ್ಟು ಹೀರಿತು, ಎಷ್ಟು ದಿನಕ್ಕೆ ನಾತ ಬಂತು ಅಂತ ತಿಳಿಸಿ. ಬೆಕ್ಕು ಒಪ್ಪಿತೋ ಇಲ್ಲವೋ ಎನ್ನುವುದನ್ನು ಮರೆಯದೆ ಬರೆಯಿರಿ, ಕೊನೆಗೆ ತೀರ್ಪು ಅದರದೇ.